ಕಿವಿಯಲ್ಲಿ ಬುಳುಬುಳು: ದಾರಿ ತಪ್ಪಿದ ಸೆಂಟ್ರಲ್ ಲೈನ್ ಬಗ್ಗೆ ಒಂದು ಪ್ರಶ್ನೆ

ಐಸಿಯು ಸಿಸ್ಟರ್, ಕುಮಟಾ ಕಡೆ

ಎಲ್ಲರಿಗೂ ನಮಸ್ಕಾರ. ಹನ್ನೊಂದು ವರ್ಷಗಳಿಂದ ಐಸಿಯುವಿನಲ್ಲಿ ಕೆಲಸ ಮಾಡುತ್ತಿದ್ದೇನೆ. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ಕಳೆದ ವಾರ, ಮಳೆ ಜೋರಾಗಿದ್ದ ರಾತ್ರಿ, ಗದ್ದೆ ಕೆಲಸ ಮಾಡುವ ನಲವತ್ತೈದರ ಆಸುಪಾಸಿನ ಒಬ್ಬರು ಇಲಿ ಜ್ವರದಿಂದ ನಮ್ಮಲ್ಲಿ ದಾಖಲಾದರು. ಬಿಪಿ ಕುಸಿದಿತ್ತು, ಮೂತ್ರ ಕಡಿಮೆಯಾಗಿತ್ತು, ಕೈಯಲ್ಲಿ ಒಂದೇ ಒಂದು ನರ ಸಿಕ್ಕಿತ್ತು. ಡ್ಯೂಟಿ ಡಾಕ್ಟರು ಬಲಗಡೆಯ ಸಬ್‌ಕ್ಲೇವಿಯನ್ (ಕೊರಳೆಲುಬಿನ ಕೆಳಗಿನ ಅಭಿಧಮನಿ) ಮೂಲಕ ಸೆಂಟ್ರಲ್ ಲೈನ್, ಅಂದರೆ ಹೃದಯದ ಹತ್ತಿರದ ದೊಡ್ಡ ನಾಳದವರೆಗೆ ಹೋಗುವ ತೆಳು ಕೊಳವೆ (ಕ್ಯಾತಿಟರ್) ಹಾಕಿದರು. ರಕ್ತ ಸರಾಗವಾಗಿ ಬಂತು. ನಾನು ಲೈನಿನೊಳಗೆ ಸಲೈನ್ ಹಾಯಿಸಿ ಫ್ಲಶ್ ಮಾಡುವಾಗ ರೋಗಿ ಕಣ್ಣು ತೆರೆದು, "ಅಕ್ಕೋರೆ, ಕಿವಿಯೊಳಗೆ ಬುಳುಬುಳು ಅಂತದೆ" ಎಂದರು. ಇನ್ನೊಮ್ಮೆ ಫ್ಲಶ್ ಮಾಡಿದೆ, ಅದೇ ಮಾತು. ಡಾಕ್ಟರಿಗೆ ತಿಳಿಸಿದಾಗ "ಜ್ವರದಲ್ಲಿ ಏನೋ ಹೇಳುತ್ತಾರೆ, ನಾರ್‌ಅಡ್ರಿನಾಲಿನ್ ಶುರು ಮಾಡಿ" ಎಂಬ ಉತ್ತರ ಬಂತು. ಬಿಪಿ ಏರಿಸುವ ಆ ಔಷಧವನ್ನು ಶುರು ಮಾಡಿದೆ. ಎಕ್ಸ್‌ರೇ ಆಗಲು ಎರಡು ಗಂಟೆ ಹಿಡಿಯಿತು. ಫಿಲ್ಮಿನಲ್ಲಿ ನೋಡಿದರೆ ಕ್ಯಾತಿಟರ್ ಎದೆಯ ಕಡೆಗೆ ಇಳಿಯುವ ಬದಲು ನೇರವಾಗಿ ಕುತ್ತಿಗೆಗೆ ಏರಿ, ದವಡೆಯ ಕೆಳಗೆ ಕುಳಿತಿತ್ತು.

ರೋಗಿ ಈಗ ಚೇತರಿಸಿಕೊಂಡಿದ್ದಾರೆ. ಆದರೆ ಆ ಎರಡು ಗಂಟೆ ನನ್ನ ತಲೆಯಿಂದ ಹೋಗುತ್ತಿಲ್ಲ. ಎಕ್ಸ್‌ರೇ ಬರುವ ತನಕ ಆ ಲೈನಿನಲ್ಲಿ ಔಷಧ ಹರಿಸಬಾರದೆಂದು ನಾನು ನಿಲ್ಲಬಹುದಿತ್ತೇ? ಹೀಗೆ ದಾರಿ ತಪ್ಪಿದ ಲೈನನ್ನು ತೆಗೆದು ಹೊಸದು ಹಾಕಬೇಕೇ, ಇದ್ದುದನ್ನೇ ಸರಿಪಡಿಸಬಹುದೇ? ಮೊದಲೇ ತಪ್ಪದಂತೆ ಏನು ಮಾಡುತ್ತೀರಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಸ್ಟಾಫ್ ನರ್ಸ್, ಶಿರಸಿ

ಅಕ್ಕ, ಕಿವಿಯಲ್ಲಿ ಗುಳುಗುಳು ಶಬ್ದ ಕೇಳಿಸುವುದು ಜ್ವರದ ಬಡಬಡಿಕೆಯಲ್ಲ. ತುದಿ ಕುತ್ತಿಗೆಯ ಜುಗುಲಾರ್ ಅಭಿಧಮನಿಯೊಳಗೆ ಮೇಲ್ಮುಖವಾಗಿದ್ದರೆ ಫ್ಲಶ್ ಮಾಡಿದಾಗ ಎಚ್ಚರ ಇರುವ ರೋಗಿಗೆ ಹಾಗೆ ಕೇಳಿಸುತ್ತದೆಂದು ನಮಗೆ ತರಬೇತಿಯಲ್ಲೇ ಹೇಳಿಕೊಟ್ಟಿದ್ದಾರೆ. ನಿಮ್ಮ ರೋಗಿ ಎಕ್ಸ್‌ರೇಗಿಂತ ಮೊದಲೇ ರಿಪೋರ್ಟ್ ಕೊಟ್ಟಿದ್ದರು.

ಅರಿವಳಿಕೆ ವೈದ್ಯ, ಕಾರವಾರ

ಸಿಸ್ಟರ್, ನೀವು ಕೇಳಿದ ಮೂರಕ್ಕೂ ಉತ್ತರಿಸಲು ಪ್ರಯತ್ನಿಸುತ್ತೇನೆ, ಸ್ವಲ್ಪ ಉದ್ದವಾದೀತು.

ಕ್ಯಾತಿಟರಿನ ತುದಿ ಇರಬೇಕಾದದ್ದು ನಾವು ಎಸ್‌ವಿಸಿ ಎಂದು ಕರೆಯುವ ಮೇಲಿನ ಮಹಾಅಭಿಧಮನಿಯ ಕೆಳಭಾಗದಲ್ಲಿ, ಅದು ಹೃದಯದ ಬಲ ಮೇಲ್ಕೋಣೆಗೆ ಸೇರುವ ಜಾಗದ ಹತ್ತಿರ. ಅಲ್ಲಿ ರಕ್ತದ ಹರಿವು ಎಷ್ಟು ಜೋರೆಂದರೆ ಪೊಟ್ಯಾಸಿಯಂ ಆಗಲಿ, ನಾರ್‌ಅಡ್ರಿನಾಲಿನ್ ಆಗಲಿ ಕ್ಷಣದಲ್ಲಿ ತೆಳುವಾಗಿ ಹೋಗುತ್ತದೆ. ತುದಿ ಕುತ್ತಿಗೆಯ ಕಡೆಗೆ ತಿರುಗಿದ್ದರೆ ಔಷಧ ಮಿದುಳಿನಿಂದ ಇಳಿದುಬರುವ ರಕ್ತಕ್ಕೆ ಎದುರಾಗಿ ಸುರಿಯುತ್ತದೆ, ನಾಳದ ಗೋಡೆ ಕೆರಳಿ ರಕ್ತ ಹೆಪ್ಪುಗಟ್ಟುವ ಸಾಧ್ಯತೆ ಹೆಚ್ಚುತ್ತದೆ, ಸಿವಿಪಿ, ಅಂದರೆ ಹೃದಯದ ಬಳಿಯ ಅಭಿಧಮನಿಯ ಒತ್ತಡದ ಅಳತೆಯನ್ನೂ ನಂಬುವಂತಿಲ್ಲ.

ಸಬ್‌ಕ್ಲೇವಿಯನ್ ಮಾರ್ಗದಲ್ಲಿ ಲೈನು ದಾರಿ ತಪ್ಪಿದರೆ ಹೆಚ್ಚಾಗಿ ಏರುವುದು ಅದೇ ಬದಿಯ ಜುಗುಲಾರ್‌ಗೆ. ಅಲ್ಲಿ ಕವಲುದಾರಿ ಇದೆ, ಕ್ಯಾತಿಟರಿಗೆ ದಾರಿ ತೋರಲು ಮೊದಲು ಹಾಕುವ ಗೈಡ್‌ವೈರಿಗೆ ಕಣ್ಣಿಲ್ಲ. ಆದ್ದರಿಂದ ವೈರಿನ ಬಾಗಿದ 'ಜೆ' ತುದಿ ಕಾಲಿನ ಕಡೆಗೆ ಮುಖ ಮಾಡುವಂತೆ ಹಿಡಿದು ಒಳಬಿಡಬೇಕು. ಪೊಟ್ಟಣದಿಂದ ತೆಗೆಯುವಾಗಲೇ ಜೆ ಯಾವ ಕಡೆ ಬಾಗಿದೆ ಎಂದು ನೋಡಿಕೊಳ್ಳುವ ಅಭ್ಯಾಸ ಬಹಳ ಜನರಿಗಿಲ್ಲ, ಅದಕ್ಕೆ ಐದು ಸೆಕೆಂಡೂ ಬೇಡ. ವೈರ್ ಹೋಗುವಾಗ ಸಹಾಯಕರು ಅದೇ ಬದಿಯ ಕುತ್ತಿಗೆಯಲ್ಲಿ, ಕೊರಳೆಲುಬಿನ ಮೇಲ್ಗಡೆ, ಬೆರಳಿನಿಂದ ಜುಗುಲಾರನ್ನು ಮೆಲ್ಲಗೆ ಒತ್ತಿ ಹಿಡಿಯುವುದೂ ಉಂಟು. ಎಲ್ಲಕ್ಕಿಂತ ಒಳ್ಳೆಯ ಉಪಾಯವೆಂದರೆ ರಂಧ್ರವನ್ನು ಅಗಲಿಸುವ ಡೈಲೇಟರ್ ಹಾಕುವ ಮೊದಲು ಸ್ಟೆರೈಲ್ ಕವಚದೊಳಗಿನ ಅಲ್ಟ್ರಾಸೌಂಡ್ ಪ್ರೋಬನ್ನು ಕುತ್ತಿಗೆಯ ಮೇಲೆ ಇಟ್ಟು, ಅಲ್ಲಿ ವೈರ್ ಕಾಣಿಸುತ್ತದೆಯೇ ಎಂದು ನೋಡುವುದು. ಕಂಡರೆ ಹಿಂದೆಳೆದು ಮತ್ತೆ ಬಿಡಬಹುದು. ಆ ಹಂತದಲ್ಲಿ ತಪ್ಪು ತಿದ್ದಲು ಒಂದು ನಿಮಿಷ ಸಾಕು.

ನಿಮ್ಮ ಮೊದಲ ಪ್ರಶ್ನೆಗೆ: ಹೌದು, ನಿಲ್ಲಬಹುದಿತ್ತು. ಬಿಪಿ ಕುಸಿದ ರೋಗಿಗೆ ಔಷಧ ತಡಮಾಡುವುದೂ ಅಪಾಯವೇ, ಆದರೆ ಮುಂಗೈಯ ಒಳ್ಳೆಯ ದಪ್ಪ ನಾಳದಲ್ಲಿ ನಾರ್‌ಅಡ್ರಿನಾಲಿನ್ ಸ್ವಲ್ಪ ಹೊತ್ತು ಕೊಡಬಹುದು, ಆ ಜಾಗವನ್ನು ಆಗಾಗ ಕಣ್ಣಾರೆ ನೋಡುತ್ತಿರಬೇಕಷ್ಟೆ. ಶಂಕೆಯಿರುವ ಸೆಂಟ್ರಲ್ ಲೈನಿಗಿಂತ ಖಚಿತವಾದ ಕೈನರ ಮೇಲು.

ಇನ್ನು ಸರಿಪಡಿಸುವುದು. ಡ್ರೆಸ್ಸಿಂಗ್ ಮುಗಿದ ಮೇಲೆ ಹೊರಗಿರುವ ಕ್ಯಾತಿಟರನ್ನು ಎಂದಿಗೂ ಒಳಗೆ ತಳ್ಳಬಾರದು, ಅದು ಚರ್ಮದ ಕ್ರಿಮಿಗಳನ್ನು ನೇರ ರಕ್ತಕ್ಕೆ ಕಳುಹಿಸಿದಂತೆ. ತುಸು ಆಳ ಹೆಚ್ಚಾಗಿದ್ದರೆ ಹಿಂದೆಳೆಯಬಹುದು. ತಿರುಗಿ ಕುತ್ತಿಗೆಗೆ ಹೋದದ್ದನ್ನು ಬರೀ ಹಿಂದೆಳೆದರೆ ಸರಿಯಾಗುವುದಿಲ್ಲ. ಮತ್ತೆ ಪೂರ್ಣ ಸ್ಟೆರೈಲ್ ಸಿದ್ಧತೆಯೊಂದಿಗೆ ಗೈಡ್‌ವೈರ್ ಹಾಕಿ, ಸಾಧ್ಯವಿದ್ದರೆ ಸಿ-ಆರ್ಮ್ ಎಂಬ ನೇರ ಎಕ್ಸ್‌ರೇ ಯಂತ್ರದ ಕೆಳಗೆ, ದಿಕ್ಕು ಬದಲಿಸಬೇಕು. ಇಲ್ಲವಾದರೆ ತೆಗೆದು ಹೊಸದು.

ಎಂಡಿ ಮೆಡಿಸಿನ್, ಅಂಕೋಲಾ

ಅರಿವಳಿಕೆ ಮಿತ್ರರು ಎಲ್ಲ ಸರಿಯಾಗಿಯೇ ಹೇಳಿದರು, ಆದರೆ ಮೂಲ ತಪ್ಪನ್ನು ದಾಟಿ ಹೋದರು. ಇಲಿ ಜ್ವರದಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯುವುದು ನಮ್ಮ ಕರಾವಳಿಯಲ್ಲಿ ಪ್ರತಿ ಮಳೆಗಾಲದ ನೋಟ. ಅಂಥ ರೋಗಿಗೆ ಸಬ್‌ಕ್ಲೇವಿಯನ್ ಏಕೆ? ಕೊರಳೆಲುಬಿನ ಕೆಳಗೆ ರಕ್ತ ಸೋರಿದರೆ ಒತ್ತಿ ಹಿಡಿಯಲು ಜಾಗವೇ ಇಲ್ಲ. ಜುಗುಲಾರ್ ಅಥವಾ ತೊಡೆಸಂದಿನ ಫೆಮೊರಲ್ ಆರಿಸಿದ್ದರೆ ಕುತ್ತಿಗೆಗೆ ಏರುವ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಐಸಿಯು ಸಿಸ್ಟರ್, ಕುಮಟಾ ಕಡೆ

ಸರ್, ಡಾಕ್ಟರ ಪರವಾಗಿಯೂ ಒಂದು ಮಾತು ಹೇಳಬೇಕು. ಪ್ಲೇಟ್‌ಲೆಟ್ ವರದಿ ಬರುವ ಮೊದಲೇ ಲೈನ್ ಹಾಕಬೇಕಾಯಿತು. ನಮ್ಮಲ್ಲಿರುವ ಒಂದೇ ಅಲ್ಟ್ರಾಸೌಂಡ್ ಯಂತ್ರ ಕೆಳಗಿನ ಸ್ಕ್ಯಾನಿಂಗ್ ಕೋಣೆಯಲ್ಲಿರುತ್ತದೆ, ರಾತ್ರಿ ಆ ಕೋಣೆಗೆ ಬೀಗ. ಅವರು ಕಲಿತದ್ದು ಎಲುಬಿನ ಗುರುತು ಹಿಡಿದು ಸಬ್‌ಕ್ಲೇವಿಯನ್ ಹಾಕುವುದನ್ನು. ಕೈಗೆ ಪಳಗಿದ್ದನ್ನೇ ಮಾಡಿದರು.

ಎಂಡಿ ಮೆಡಿಸಿನ್, ಅಂಕೋಲಾ

ವರದಿ ಬಂದಿರದಿದ್ದರೆ ಇನ್ನಷ್ಟು ಜಾಗರೂಕತೆ ಬೇಕಿತ್ತು ಎಂಬುದೇ ನನ್ನ ವಾದ. ಆದರೂ ಬೀಗದ ಕೋಣೆಯ ಮಾತು ಕೇಳಿ ಸಿಟ್ಟು ಸ್ವಲ್ಪ ಇಳಿಯಿತು.

ಮೂಳೆ ತಜ್ಞ, ಹೊನ್ನಾವರ

ಅದು ಪಿಸಿಪಿಎನ್‌ಡಿಟಿ ಕಾಯ್ದೆಯ ಭಯ. 1994ರ ಕಾಯ್ದೆ ಬಂದದ್ದು ಭ್ರೂಣಲಿಂಗ ಪತ್ತೆಯನ್ನು ತಡೆಯಲು, ಅದರ ಉದ್ದೇಶದ ಬಗ್ಗೆ ಎರಡು ಮಾತಿಲ್ಲ. ಆದರೆ ನೋಂದಣಿ, ದಾಖಲೆ, ಸೀಲ್ ಬೀಳುವ ಹೆದರಿಕೆ ಇವೆಲ್ಲ ಸೇರಿ ಸಣ್ಣ ಆಸ್ಪತ್ರೆಯ ಆಡಳಿತದವರು ಐಸಿಯುವಿಗೆ ಎರಡನೆಯ ಯಂತ್ರ ಎಂದೊಡನೆ ಕೈ ಮುಗಿಯುತ್ತಾರೆ.

ಅರಿವಳಿಕೆ ವೈದ್ಯ, ಕಾರವಾರ

ಒಪ್ಪುತ್ತೇನೆ, ಆದರೆ ಇದನ್ನು ನೆಪ ಮಾಡಿಕೊಂಡವರನ್ನೂ ನೋಡಿದ್ದೇನೆ. ಅರ್ಜಿ ಹಾಕಿ, ಐಸಿಯುವಿನ ಯಂತ್ರವನ್ನೂ ನೋಂದಾಯಿಸಿಕೊಂಡು, ದಾಖಲೆಯನ್ನು ನೆಟ್ಟಗೆ ಇಟ್ಟುಕೊಂಡು ಬಳಸುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕಾಗದದ ಕೆಲಸ ಬೇಸರದ್ದು, ಅಸಾಧ್ಯವಲ್ಲ.

ಕಿರಿಯ ವೈದ್ಯೆ

ಈ ಚರ್ಚೆ ನೋಡಿ ಧೈರ್ಯ ಬಂತು, ನನ್ನದೊಂದು ತಪ್ಪನ್ನೂ ಹೇಳಿಬಿಡುತ್ತೇನೆ. ಇಂಟರ್ನ್‌ಶಿಪ್ ಮುಗಿದ ಹೊಸತು. ವಿಷ ಕುಡಿದು ಬಂದ ಹುಡುಗನಿಗೆ ಬಲ ಜುಗುಲಾರ್ ಲೈನ್ ಹಾಕಲು ಹಿರಿಯರ ಎದುರಿನಲ್ಲೇ ಸೂಜಿ ಚುಚ್ಚಿದೆ. ರಕ್ತ ಕಪ್ಪಾಗಿತ್ತು, ಚಿಮ್ಮಲಿಲ್ಲ, ನಿಧಾನವಾಗಿ ಬಂತು. ಅಭಿಧಮನಿಯೇ ಎಂದುಕೊಂಡು ವೈರ್ ಹಾಕಿದೆ. ಡೈಲೇಟರ್ ಎತ್ತಿಕೊಳ್ಳುವಷ್ಟರಲ್ಲಿ ಹಿರಿಯರು "ನಿಲ್ಲಮ್ಮಾ" ಎಂದು ಪ್ರೋಬ್ ಇಟ್ಟು ನೋಡಿದರು. ವೈರ್ ಮಿದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಯಲ್ಲಿತ್ತು. ಹುಡುಗನ ಬಿಪಿಯೂ ಆಮ್ಲಜನಕವೂ ಎಷ್ಟು ಕೆಳಗಿದ್ದವೆಂದರೆ ಅಪಧಮನಿಯ ರಕ್ತವೂ ಕಪ್ಪಾಗಿ, ಸೋಮಾರಿಯಾಗಿ ಬಂದಿತ್ತು. ವೈರ್ ತೆಗೆದು ಹತ್ತು ನಿಮಿಷಕ್ಕೂ ಹೆಚ್ಚು ಒತ್ತಿ ಹಿಡಿದೆವು. ಏನೂ ಆಗಲಿಲ್ಲ. ಅಂದಿನಿಂದ ರಕ್ತದ ಬಣ್ಣವನ್ನು ನಾನು ನಂಬುವುದಿಲ್ಲ.

ಹಳೆಯ ಕೈ

ಅಷ್ಟಕ್ಕೆ ಇಷ್ಟು ಗಾಬರಿ ಏಕೆ? ಲೈನೇ ಅಪಧಮನಿಗೆ ಹೋದರೂ ಎಳೆದು ಗಟ್ಟಿಯಾಗಿ ಒತ್ತಿದರೆ ಆಯಿತು. ನಾವು ಮೂವತ್ತು ವರ್ಷ ಹಾಗೆಯೇ ಮಾಡಿದ್ದೇವೆ.

ಅರಿವಳಿಕೆ ವೈದ್ಯ, ಕಾರವಾರ

ಹಿರಿಯರೇ, ಗೌರವದಿಂದಲೇ ಹೇಳುತ್ತೇನೆ, ದಯವಿಟ್ಟು ಈ ಮಾತನ್ನು ಕಿರಿಯರ ಮುಂದೆ ಹೀಗೆ ಬಿಡಬೇಡಿ. ಸೂಜಿಯೋ ಬರೀ ವೈರೋ ಹೋಗಿದ್ದರೆ ತೆಗೆದು ಒತ್ತುವುದು ಸರಿ. ಆದರೆ ಡೈಲೇಟರ್ ನುಗ್ಗಿ, 7 ಫ್ರೆಂಚ್ (ಕ್ಯಾತಿಟರ್ ದಪ್ಪದ ಅಳತೆ) ಅಥವಾ ಅದಕ್ಕಿಂತ ದಪ್ಪದ ಕ್ಯಾತಿಟರ್ ಅಪಧಮನಿಯಲ್ಲಿ ಕುಳಿತಿದ್ದರೆ ಅದನ್ನು ಎಳೆಯಲೇಬಾರದು. ಎಳೆದರೆ ಕುತ್ತಿಗೆಯಲ್ಲಿ ರಕ್ತ ತುಂಬಿ ಉಸಿರ್ನಾಳ ಒತ್ತಿಹೋಗಬಹುದು. ಗಟ್ಟಿಯಾಗಿ ಒತ್ತಿದರೆ ಮಿದುಳಿಗೆ ಹೋಗುವ ರಕ್ತವೇ ತಡೆದು, ಇಲ್ಲವೆ ಹೆಪ್ಪು ಹಾರಿ, ಪಾರ್ಶ್ವವಾಯು ಆಗಬಹುದು. ಲೈನನ್ನು ಇದ್ದಲ್ಲೇ ಬಿಟ್ಟು, ಅದರಲ್ಲಿ ಏನನ್ನೂ ಹರಿಸದೆ, ರಕ್ತನಾಳದ ಶಸ್ತ್ರವೈದ್ಯರಿಗೆ ಒಪ್ಪಿಸಬೇಕು. ನಮಗೆ ಅದರ ಅರ್ಥ ಮಂಗಳೂರು, ಮಣಿಪಾಲ, ಹುಬ್ಬಳ್ಳಿ ಅಥವಾ ಗೋವಾದ ಬಾಂಬೋಳಿ. ಅಲ್ಲಿಗೆ ಮುಟ್ಟುವ ತನಕ ಆ ಕ್ಯಾತಿಟರೇ ತೂತಿಗೆ ಬೆಣೆ.

ಹಳೆಯ ಕೈ

ನಮ್ಮ ಕಾಲದಲ್ಲಿ ಬೆಣೆ ಬಿಟ್ಟು ಕಳುಹಿಸಲು ವಾಹನವೂ ಇರಲಿಲ್ಲ, ರಸ್ತೆಯೂ ಇರಲಿಲ್ಲ. ನನಗೆ ಅಪಾಯ ಆಗಲಿಲ್ಲ ಎಂಬುದು ಅದೃಷ್ಟವೇ ಇದ್ದೀತು. ಒಪ್ಪಿದೆ.

ಕಿರಿಯ ವೈದ್ಯೆ

ಅಲ್ಟ್ರಾಸೌಂಡ್ ಇಲ್ಲದ ಕಡೆ ಅಭಿಧಮನಿಯೆಂದು ಖಾತ್ರಿ ಮಾಡುವುದು ಹೇಗೆ ಸರ್?

ಅರಿವಳಿಕೆ ವೈದ್ಯ, ಕಾರವಾರ

ಸೂಜಿಗೆ, ಇಲ್ಲವೇ ವೈರಿನ ಮೇಲೆ ತೂರಿಸಿದ ಸಣ್ಣ ಕ್ಯಾನುಲಾಕ್ಕೆ, ಒಂದು ಸ್ಟೆರೈಲ್ ಎಕ್ಸ್‌ಟೆನ್ಷನ್ ಟ್ಯೂಬ್ ಜೋಡಿಸಿ. ಮೊದಲು ಟ್ಯೂಬನ್ನು ಕೆಳಗಿಳಿಸಿ ರಕ್ತ ತುಂಬಲು ಬಿಡಿ, ಆಮೇಲೆ ನೆಟ್ಟಗೆ ಮೇಲಕ್ಕೆ ಎತ್ತಿ ಹಿಡಿಯಿರಿ. ಅಭಿಧಮನಿಯಾದರೆ ರಕ್ತದ ಕಂಬ ಉಸಿರಿನೊಂದಿಗೆ ತುಸು ಆಡುತ್ತ ಕೆಳಗಿಳಿಯುತ್ತದೆ. ಅಪಧಮನಿಯಾದರೆ ಏರುತ್ತಲೇ ಹೋಗುತ್ತದೆ. ಒತ್ತಡವನ್ನು ಮಾನಿಟರಿನಲ್ಲಿ ತೋರಿಸುವ ಟ್ರಾನ್ಸ್‌ಡ್ಯೂಸರ್ ಇದ್ದರೆ ಅಲೆಯ ಆಕಾರವನ್ನೇ ನೋಡಬಹುದು. ಇದೆಲ್ಲ ಡೈಲೇಟರಿಗಿಂತ ಮೊದಲು ಆಗಬೇಕು, ಆಮೇಲೆ ಮಾಡಿದರೆ ಅದು ಬರೀ ಪಂಚನಾಮೆ. ಪ್ರೋಬ್ ಇದ್ದವರೂ ವೈರನ್ನು ಅಡ್ಡಕ್ಕೊಮ್ಮೆ ಉದ್ದಕ್ಕೊಮ್ಮೆ ನೋಡಿರಿ. ಅಡ್ಡನೋಟದಲ್ಲಿ ಅಭಿಧಮನಿಯೊಳಗೆ ಕಂಡ ವೈರ್ ಅದರ ಹಿಂದಿನ ಗೋಡೆಯನ್ನು ತೂರಿ ಅಪಧಮನಿ ಹೊಕ್ಕಿರುವುದುಂಟು.

ಎಕ್ಸ್‌ರೇ ಕೋಣೆಯಿಂದ

ನಾನು ರೇಡಿಯಾಲಜಿಯವನು. ಎರಡು ಗಂಟೆ ತಡವಾದದ್ದಕ್ಕೆ ನಮ್ಮವರ ಪರವಾಗಿ ಕ್ಷಮೆ ಕೇಳಲೇ ಎಂದು ಯೋಚಿಸುತ್ತಿದ್ದೆ. ಫಿಲ್ಮ್ ಬಗ್ಗೆ ಕೆಲವು ಮಾತು ಹೇಳುತ್ತೇನೆ. ಉಸಿರ್ನಾಳ ಎರಡಾಗಿ ಒಡೆಯುವ ಕರೀನಾ ಎಂಬ ಜಾಗವನ್ನು ಮೊದಲು ಗುರುತಿಸಿಕೊಳ್ಳಿ. ಹೃದಯದ ಹೊರಚೀಲ ಎಸ್‌ವಿಸಿಯನ್ನು ಸುತ್ತಿಕೊಳ್ಳುವ ಮಟ್ಟ ಸಾಮಾನ್ಯವಾಗಿ ಕರೀನಾದಿಂದ ಕೆಳಗಿರುತ್ತದೆ. ಆದ್ದರಿಂದ ಬಲಗಡೆಯ ಲೈನಿನ ತುದಿ ಕರೀನಾದ ಮಟ್ಟದಲ್ಲಿದ್ದರೆ, ಅದು ಗೋಡೆಯನ್ನು ತೂತು ಮಾಡಿದರೂ ರಕ್ತ ಹೃದಯದ ಚೀಲಕ್ಕೆ ಇಳಿದು ಹೃದಯವನ್ನು ಅಮುಕುವ ಭಯ ಕಡಿಮೆ. ಎಡಗಡೆಯಿಂದ ಹಾಕಿದ್ದರೆ ಲೆಕ್ಕ ಬೇರೆ. ಅಲ್ಲಿ ತುದಿ ಮೇಲೆಯೇ ನಿಂತರೆ ಎಸ್‌ವಿಸಿಯ ಬಲಗೋಡೆಗೆ ಸೂಜಿಮೊನೆಯಂತೆ ಅಡ್ಡವಾಗಿ ತಾಗುತ್ತದೆ, ದಿನವಿಡೀ ಹೃದಯದ ಬಡಿತಕ್ಕೆ ಅದೇ ಜಾಗವನ್ನು ಕೊರೆಯುತ್ತದೆ. ಅದು ತಿರುವು ದಾಟಿ ಗೋಡೆಗೆ ಸಮಾನಾಂತರವಾಗುವಷ್ಟು ಕೆಳಗೆ ಬರಬೇಕು.

ಇನ್ನೊಂದು ಎಚ್ಚರಿಕೆ. ಒಂದು ಎಕ್ಸ್‌ರೇ ನೋಡಿ ಲೈನು ಅಭಿಧಮನಿಯಲ್ಲೇ ಇದೆಯೆಂದು ಪ್ರಮಾಣ ಮಾಡಬೇಡಿ. ಎದುರಿನಿಂದ ತೆಗೆದ ಚಿತ್ರದಲ್ಲಿ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತವೆ. ಎಸ್‌ವಿಸಿಯ ಜಾಗದಲ್ಲಿ ಇಳಿದಂತೆ ಕಂಡದ್ದು ಪಕ್ಕದ ಏರು ಮಹಾಪಧಮನಿಯಲ್ಲಿ ಇರಬಹುದು, ಹಿಂದಕ್ಕೆ ಬಾಗಿ ಎದೆಯ ಹಿಂಭಾಗದ ಅಝೈಗಸ್ ಅಭಿಧಮನಿಗೆ ಹೊಕ್ಕಿರಬಹುದು. ಮಲಗಿಸಿ ತೆಗೆದ ಚಿತ್ರಕ್ಕೂ ಕೂರಿಸಿ ತೆಗೆದದ್ದಕ್ಕೂ ತುದಿಯ ಮಟ್ಟ ವ್ಯತ್ಯಾಸವಾಗುತ್ತದೆ. ಅರ್ಜಿಯಲ್ಲಿ ಬರೀ "ಎದೆ ಎಕ್ಸ್‌ರೇ" ಎಂದು ಬರೆಯದೆ "ಬಲ ಸಬ್‌ಕ್ಲೇವಿಯನ್ ಲೈನ್, ತುದಿ ನೋಡಲು, ತುರ್ತು" ಎಂದು ಬರೆದರೆ ನಾವು ಕುತ್ತಿಗೆಯನ್ನೂ ಚೌಕಟ್ಟಿನೊಳಗೆ ಸೇರಿಸುತ್ತೇವೆ. ಕುತ್ತಿಗೆ ಕತ್ತರಿಸಿದ ಫಿಲ್ಮಿನಲ್ಲಿ ಮೇಲೆ ಹೋದ ತುದಿ ಕಾಣುವುದಾದರೂ ಹೇಗೆ?

ಸ್ಟಾಫ್ ನರ್ಸ್, ಶಿರಸಿ

"ತುದಿ ನೋಡಲು" ಎಂಬ ಎರಡು ಪದ ನಮ್ಮ ಫಾರಂನಲ್ಲೂ ಇಲ್ಲ. ನಾಳೆಯೇ ಹೇಳುತ್ತೇನೆ.

ಎಂಡಿ ಮೆಡಿಸಿನ್, ಅಂಕೋಲಾ

ಎಷ್ಟು ಆಳ ಹಾಕಬೇಕೆಂಬುದರಲ್ಲೂ ಗೊಂದಲವಿದೆ. ಬಲ ಜುಗುಲಾರ್‌ಗೆ ಸೆಂಟಿಮೀಟರಿನಲ್ಲಿ ರೋಗಿಯ ಎತ್ತರವನ್ನು 10ರಿಂದ ಭಾಗಿಸಿ ಬಂದಷ್ಟು ಎಂದು ನಾನು ಕಲಿತೆ. ಅಂದರೆ 160 ಸೆಂ.ಮೀ. ಇದ್ದವರಿಗೆ 16. ನಮ್ಮ ಕಡೆಯ ಗಿಡ್ಡ ಆಳ್ತನದವರಿಗೆ ಅದು ಕೆಲವೊಮ್ಮೆ ಹೆಚ್ಚಾಗಿ, ತುದಿ ಹೃದಯದೊಳಗೆ ಇಳಿದು, ಮಾನಿಟರಿನಲ್ಲಿ ಬಡಿತ ಎಗರಾಡುವುದನ್ನು ನೋಡಿದ್ದೇನೆ.

ಅರಿವಳಿಕೆ ವೈದ್ಯ, ಕಾರವಾರ

ಹೌದು, ಅದು ಅಂದಾಜಿನ ಸೂತ್ರ. ಬಲ ಜುಗುಲಾರ್‌ನಲ್ಲಿ 13ರಿಂದ 15 ಸೆಂ.ಮೀ.ನಲ್ಲಿ ನಿಲ್ಲಿಸುವವರೇ ಹೆಚ್ಚು. ಎಡಗಡೆಯಿಂದಾದರೆ ದಾರಿ ಉದ್ದ, ಕೆಲವು ಸೆಂಟಿಮೀಟರ್ ಹೆಚ್ಚು ಬೇಕು. ಇಪ್ಪತ್ತು ಸೆಂಟಿಮೀಟರಿನ ಕ್ಯಾತಿಟರ್ ಕೈಗೆ ಬಂತೆಂದು ಬುಡದವರೆಗೆ ನೂಕುವುದು ಮಾತ್ರ ಬೇಡ. ವೈರ್ ಒಳಬಿಡುವಾಗ ಇಸಿಜಿ ಎಗರಿದರೆ ಸಾಕಷ್ಟು ಒಳಗೆ ಹೋಗಿದೆ ಎಂದರ್ಥ, ಹಿಂದೆಳೆಯಿರಿ.

ಇಸಿಜಿಯನ್ನು ಇನ್ನೂ ಚೆನ್ನಾಗಿ ಬಳಸುವ ವಿಧಾನವಿದೆ. ತುದಿಯಿಂದಲೇ ಇಸಿಜಿ ಎತ್ತಿದರೆ, ಅದು ಹೃದಯದ ಮೇಲ್ಕೋಣೆಯನ್ನು ಸಮೀಪಿಸಿದಂತೆ ಮೇಲ್ಕೋಣೆಯ ಬಡಿತವನ್ನು ತೋರಿಸುವ ಪಿ ಅಲೆ ಎತ್ತರವಾಗುತ್ತ ಹೋಗುತ್ತದೆ, ಕೋಣೆಯೊಳಗೆ ಹೊಕ್ಕರೆ ಕೆಳಗೂ ಬಾಗತೊಡಗುತ್ತದೆ. ಮೇಲ್ಕೋಣೆ ಲಯ ತಪ್ಪಿ ಅದುರುವ, ಪಿ ಅಲೆಯೇ ಇಲ್ಲದ ಏಟ್ರಿಯಲ್ ಫಿಬ್ರಿಲೇಶನ್ ರೋಗಿಗೆ ಇದು ನಡೆಯುವುದಿಲ್ಲ.

ತುರ್ತು ಚಿಕಿತ್ಸೆ, ಭಟ್ಕಳ

ಎಕ್ಸ್‌ರೇಗೆ ಕಾಯಲಾಗದವರಿಗೆ ಗುಳ್ಳೆ ಪರೀಕ್ಷೆ ಇದೆ. ಪ್ರೋಬನ್ನು ಹೃದಯದ ಮೇಲೆ ಇಟ್ಟುಕೊಂಡು, ಚೆನ್ನಾಗಿ ಕಲಕಿದ 10 ಮಿ.ಲೀ. ಸಲೈನನ್ನು ಲೈನಿನಲ್ಲಿ ರಭಸದಿಂದ ಕೊಟ್ಟರೆ, ಎರಡು ಸೆಕೆಂಡಿನೊಳಗೆ ಬಲ ಮೇಲ್ಕೋಣೆಯಲ್ಲಿ ಬಿಳಿ ಸುಳಿ ಕಾಣಬೇಕು. ತಡವಾದರೆ ಅಥವಾ ಕಾಣದಿದ್ದರೆ ತುದಿ ಎಲ್ಲೋ ಅಲೆಯುತ್ತಿದೆ. ಅದೇ ಪ್ರೋಬಿನಿಂದ ಶ್ವಾಸಕೋಶ ಎದೆಗೋಡೆಗೆ ತಾಗಿ ಜಾರುತ್ತಿದೆಯೇ ಎಂದು ನೋಡಿದರೆ ಶ್ವಾಸಕೋಶದ ಸುತ್ತ ಗಾಳಿ ತುಂಬಿದೆಯೇ ಎಂಬುದೂ ತಿಳಿಯುತ್ತದೆ. ಆದರೆ ಸಿಸ್ಟರ್ ಅವರ ಆಸ್ಪತ್ರೆಯ ಬೀಗ ಹಾಕಿದ ಕೋಣೆಗೆ ನನ್ನಲ್ಲೂ ಮದ್ದಿಲ್ಲ.

ಡಯಾಲಿಸಿಸ್ ತಂತ್ರಜ್ಞ

ಒಂದು ತಿದ್ದುಪಡಿ. "ತುದಿ ಹೃದಯದೊಳಗೆ ಇದ್ದರೆ ತಪ್ಪು" ಎಂದು ಓದಿ ಯಾರಾದರೂ ನಮ್ಮ ರೋಗಿಗಳ ಪರ್ಮ್‌ಕ್ಯಾತ್ ಹಿಂದೆಳೆದಾರು ಎಂದು ಹೆದರಿಕೆ. ಚರ್ಮದಡಿ ಸುರಂಗ ಮಾಡಿ ಹಾಕುವ ಮೆತ್ತನೆಯ ಡಯಾಲಿಸಿಸ್ ಕ್ಯಾತಿಟರಿನ ತುದಿಯನ್ನು ಬೇಕೆಂದೇ ಬಲ ಮೇಲ್ಕೋಣೆಯಲ್ಲಿ ಇಡುತ್ತಾರೆ, ರಕ್ತದ ಹರಿವು ಸಾಕಷ್ಟು ಬರಲೆಂದು. ತಾತ್ಕಾಲಿಕವಾಗಿ ಹಾಕುವ ಬಿರುಸಾದ ಕ್ಯಾತಿಟರಿಗೆ ಅದು ಸಲ್ಲದು.

ನಮ್ಮಲ್ಲೊಮ್ಮೆ ಎಡ ಜುಗುಲಾರ್‌ನಿಂದ ಹಾಕಿದ ಲೈನು ಎಕ್ಸ್‌ರೇಯಲ್ಲಿ ಎದೆಯ ಎಡಬದಿಯಲ್ಲೇ ಇಳಿದಿತ್ತು. ಎಲ್ಲರೂ ಅಪಧಮನಿ ಎಂದು ಬೆವರಿದರು. ರಕ್ತದ ಪರೀಕ್ಷೆಯಲ್ಲಿ ಅಭಿಧಮನಿಯದೇ ರಕ್ತ. ಆಮೇಲೆ ಸಿಟಿಯಲ್ಲಿ ಗೊತ್ತಾಯಿತು, ಆ ಮನುಷ್ಯನಿಗೆ ಹುಟ್ಟಿನಿಂದಲೇ ಎಡಗಡೆ ಇನ್ನೊಂದು ಎಸ್‌ವಿಸಿ ಉಳಿದುಕೊಂಡಿತ್ತು. ಸಾವಿರಕ್ಕೆ ಮೂರರಿಂದ ಐದು ಜನರಿಗೆ ಹೀಗಿರುತ್ತದಂತೆ. ಐವತ್ತೆಂಟು ವರ್ಷ ಅವರಿಗೂ ತಿಳಿದಿರಲಿಲ್ಲ.

ಆಂಬುಲೆನ್ಸ್ ನರ್ಸ್

ಲೈನ್ ಸರಿಯಾಗಿ ಹಾಕಿದ್ದಷ್ಟಕ್ಕೇ ಕಥೆ ಮುಗಿಯುವುದಿಲ್ಲ, ಅದು ಅಲ್ಲೇ ಉಳಿಯಬೇಕಲ್ಲ. ನನ್ನ ಕೆಲಸವೇ ರೋಗಿಗಳನ್ನು ಹುಬ್ಬಳ್ಳಿಗೋ ಮಂಗಳೂರಿಗೋ ಮುಟ್ಟಿಸುವುದು. ಅರಬೈಲು ಘಟ್ಟದ ತಿರುವುಗಳಲ್ಲಿ ಸ್ಟ್ರೆಚರ್ ಮೇಲೆ ರೋಗಿ ಎಷ್ಟು ವಾಲುತ್ತಾನೆ, ಡ್ರಿಪ್ ಟ್ಯೂಬ್ ಎಷ್ಟು ಜಗ್ಗುತ್ತದೆ ಎಂಬುದು ಐಸಿಯುವಿನಲ್ಲಿ ಕುಳಿತವರಿಗೆ ಕಾಣುವುದಿಲ್ಲ. 2024ರ ಜುಲೈಯಲ್ಲಿ ಅಂಕೋಲಾದ ಶಿರೂರು ಬಳಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿದಾಗ ಸುತ್ತುಬಳಸಿ ಹೋಗಬೇಕಾಗಿ ಬಂದ ದಿನಗಳು ನೆನಪಿವೆ. ಅಷ್ಟು ಹೊತ್ತು ಒಂದು ಹೊಲಿಗೆಯ ಮೇಲೆ ಭರವಸೆ.

ಒಮ್ಮೆ ಮಹಿಳೆಯೊಬ್ಬರ ಲೈನು ಹೊರಡುವಾಗ 14ರ ಗುರುತಿನಲ್ಲಿತ್ತು. ದಾರಿಯಲ್ಲಿ ಪಂಪ್ ಕೂಗತೊಡಗಿತು. ಡ್ರೆಸ್ಸಿಂಗ್ ಎತ್ತಿ ನೋಡಿದರೆ 8. ಪಾರದರ್ಶಕ ಪಟ್ಟಿಯ ಕೆಳಗೆ ಟ್ಯೂಬು ಹಾವಿನಂತೆ ಸುತ್ತಿಕೊಂಡಿತ್ತು, ಚರ್ಮದ ಅಡಿ ಮೊಟ್ಟೆಯಷ್ಟು ಊತ. ಮೂರು ಬಾಯಿಯ ಕ್ಯಾತಿಟರಿನಲ್ಲಿ ಒಂದು ಬಾಯಿ ತುದಿಯಲ್ಲೂ ಉಳಿದವು ಸ್ವಲ್ಪ ಹಿಂದೆಯೂ ತೆರೆದಿರುತ್ತವೆ. ತುದಿ ಇನ್ನೂ ನಾಳದಲ್ಲಿದ್ದರೂ ಹಿಂದಿನ ಬಾಯಿ ನಾಳದ ಹೊರಗೆ ಬಂದು, ಔಷಧವೆಲ್ಲ ಮಾಂಸಕ್ಕೆ ಸುರಿಯುತ್ತಿತ್ತು. ಕೂಡಲೇ ನಿಲ್ಲಿಸಿ ಕೈನರಕ್ಕೆ ಬದಲಿಸಿದೆ.

ಅಂದಿನಿಂದ ಹೊರಡುವ ಮೊದಲು ಚರ್ಮದ ಬಳಿಯ ಸೆಂಟಿಮೀಟರ್ ಗುರುತನ್ನು ರೆಫರಲ್ ಕಾಗದದಲ್ಲಿ ಬರೆಸಿಕೊಳ್ಳುತ್ತೇನೆ. ಟ್ಯೂಬುಗಳ ಭಾರ ಲೈನಿನ ಮೇಲೆ ಬೀಳದಂತೆ ಒಂದು ಸುತ್ತು ಸಡಿಲ ಬಿಟ್ಟು ಎದೆಗೆ ಬೇರೆ ಟೇಪ್ ಹಚ್ಚುತ್ತೇನೆ. ಘಟ್ಟ ದಾಟಿದ ಮೇಲೆ ಮತ್ತೊಮ್ಮೆ ಎಲ್ಲ ಬಾಯಿಗಳಲ್ಲೂ ರಕ್ತ ಹಿಂದೆ ಬರುತ್ತದೆಯೇ ಎಂದು ನೋಡುತ್ತೇನೆ.

ಕಿರಿಯ ವೈದ್ಯೆ

14ರಿಂದ 8! ನಾವು ಲೈನ್ ಹಾಕಿದ ದಿನ ಬಿಟ್ಟರೆ ಆ ಸಂಖ್ಯೆಯನ್ನು ಮತ್ತೆ ಎಲ್ಲೂ ಬರೆಯುವುದಿಲ್ಲ.

ರೋಗಿಯ ಮಗ, ಸಿದ್ದಾಪುರ

ನಾನು ವೈದ್ಯಕೀಯದವನಲ್ಲ, ಅಡಕೆ ತೋಟದವನು. ಅಮ್ಮನಿಗೆ ಕಿಮೊಥೆರಪಿಗಾಗಿ ತೋಳಿನ ನಾಳದಿಂದ ಹೃದಯದ ಹತ್ತಿರದವರೆಗೆ ಹೋಗುವ ಪಿಕ್ ಲೈನ್ ಹಾಕಿ ಮನೆಗೆ ಕಳುಹಿಸಿದ್ದಾರೆ. ಇದನ್ನೆಲ್ಲ ಓದಿ ಹೆದರಿಕೆಯಾಯಿತು. ಮನೆಯಲ್ಲಿ ನಾವು ಏನು ಗಮನಿಸಬೇಕು? ಮೊನ್ನೆ ಅಮ್ಮನಿಗೆ ಜೋರು ಕೆಮ್ಮು ಬಂದಿತ್ತು, ಅದರಿಂದ ಲೈನು ಸರಿಯುತ್ತದೆಯೇ?

ಸ್ಟಾಫ್ ನರ್ಸ್, ಶಿರಸಿ

ಹೆದರಬೇಡಿ ಅಣ್ಣ, ಗಮನಿಸುವುದು ಕಷ್ಟವಲ್ಲ. ಚರ್ಮದಿಂದ ಹೊರಗಿರುವ ಟ್ಯೂಬಿನ ಉದ್ದ ಎಷ್ಟೆಂದು ಡಿಸ್ಚಾರ್ಜ್ ಕಾಗದದಲ್ಲಿ ಇರಬೇಕು. ಇಲ್ಲದಿದ್ದರೆ ಫೋನ್ ಮಾಡಿ ಕೇಳಿ ಬರೆದಿಟ್ಟುಕೊಳ್ಳಿ. ಡ್ರೆಸ್ಸಿಂಗ್ ಬದಲಿಸುವಾಗಲೆಲ್ಲ ಅದನ್ನು ಅಳೆಯಿಸಿ. ಉದ್ದ ಹೆಚ್ಚಿದ್ದರೆ ತುದಿ ಹಿಂದೆ ಸರಿದಿದೆ. ಜೋರು ಕೆಮ್ಮು, ವಾಂತಿಯಿಂದ ಒಳಗಿನ ತುದಿ ತಿರುಗುವುದೂ ಉಂಟು, ಆಗ ಹೊರಗಿನ ಅಳತೆ ಬದಲಾಗುವುದಿಲ್ಲ. ಫ್ಲಶ್ ಮಾಡುವಾಗ ಕಿವಿಯಲ್ಲಿ ಶಬ್ದ, ಕುತ್ತಿಗೆ ಅಥವಾ ಭುಜದಲ್ಲಿ ನೋವು, ಎದೆ ಡವಗುಟ್ಟುವುದು, ತೋಳಿನ ಊತ, ರಕ್ತ ಹಿಂದೆ ಬಾರದಿರುವುದು, ಇವುಗಳಲ್ಲಿ ಒಂದಿದ್ದರೂ ಔಷಧ ಹಾಕಿಸಿಕೊಳ್ಳದೆ ಮೊದಲು ಎಕ್ಸ್‌ರೇ ಮಾಡಿಸಿ. ಕಿಮೊ ಔಷಧ ನಾಳದ ಹೊರಗೆ ಸೋರಿದರೆ ಮಾಂಸ ಸುಡುತ್ತದೆ, ಆದ್ದರಿಂದ "ಇವತ್ತೊಂದು ದಿನ ನೋಡೋಣ" ಎಂಬುದು ಬೇಡ. ಹೊರಬಂದ ಟ್ಯೂಬನ್ನು ನೀವಾಗಿ ಒಳಗೆ ತಳ್ಳಬೇಡಿ.

ರೋಗಿಯ ಮಗ, ಸಿದ್ದಾಪುರ

ತುಂಬ ಉಪಕಾರವಾಯಿತು ತಂಗಿ. ಕಾಗದ ತೆಗೆದು ನೋಡಿದೆ, ಅಳತೆ ಬರೆದಿದ್ದಾರೆ.

ಹಳೆಯ ಕೈ

ಇಷ್ಟೆಲ್ಲ ನಿಯಮ ಕೇಳುವಾಗ ಇದರ ಹುಟ್ಟು ನೆನಪಾಗುತ್ತದೆ. 1929ರಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ ಎಂಬ ತರುಣ ವೈದ್ಯ ತನ್ನ ತೋಳಿನ ನಾಳಕ್ಕೇ ಟ್ಯೂಬ್ ತೂರಿಸಿ, ನಡೆದುಕೊಂಡೇ ಎಕ್ಸ್‌ರೇ ಕೋಣೆಗೆ ಹೋಗಿ, ತುದಿ ಹೃದಯಕ್ಕೆ ಮುಟ್ಟಿದ್ದನ್ನು ಫಿಲ್ಮಿನಲ್ಲಿ ತೋರಿಸಿದ. 1956ರಲ್ಲಿ ಇನ್ನಿಬ್ಬರೊಂದಿಗೆ ನೊಬೆಲ್ ಬಂತು.

ಎಕ್ಸ್‌ರೇ ಕೋಣೆಯಿಂದ

ನೋಡಿ, ಅವನೂ ತಡಮಾಡದೆ ಎಕ್ಸ್‌ರೇ ಕೋಣೆಗೇ ಬಂದ. ನಮ್ಮವರು ಎರಡು ಗಂಟೆ ಮಾಡುತ್ತಾರೆ.

ತುರ್ತು ಚಿಕಿತ್ಸೆ, ಭಟ್ಕಳ

ಮಾತಿನ ನಡುವೆ ವೈರ್ ಮರೆಯಬೇಡಿ. ವೈದ್ಯ ಸೆಲ್ಡಿಂಗರ್ 1953ರಲ್ಲಿ ಹೇಳಿಕೊಟ್ಟ, ವೈರಿನ ಮೇಲೆ ಕ್ಯಾತಿಟರ್ ಜಾರಿಸುವ ಈ ವಿಧಾನದಲ್ಲಿ ವೈರಿನ ಹೊರತುದಿಯನ್ನು ಸದಾ ಒಂದು ಕೈ ಹಿಡಿದಿರಬೇಕು. ಗಡಿಬಿಡಿಯಲ್ಲಿ ಕ್ಯಾತಿಟರಿನೊಂದಿಗೆ ವೈರನ್ನೂ ಒಳಗೆ ನೂಕಿದ ಪ್ರಕರಣಗಳಿವೆ. ಕೊನೆಗೆ ಟ್ರೇಯಲ್ಲಿ ವೈರ್ ಇದೆಯೇ ಎಂದು ಜೋರಾಗಿ ಕೇಳಿ, ಸಿಸ್ಟರ್ ಜೋರಾಗಿ "ಇದೆ" ಎನ್ನಬೇಕು.

ಎಂಡಿ ಮೆಡಿಸಿನ್, ಅಂಕೋಲಾ

ತಪ್ಪಿದ ಲೈನ್ ತೆಗೆಯುವಾಗಲೂ ಅವಸರ ಬೇಡ. ಕೂತ ರೋಗಿಯಿಂದ ಎಳೆದರೆ ಆ ರಂಧ್ರದಿಂದ ಗಾಳಿ ರಕ್ತಕ್ಕೆ ಸೇರಬಹುದು. ಚಪ್ಪಟೆಯಾಗಿ ಮಲಗಿಸಿ, ಸಾಧ್ಯವಿದ್ದರೆ ತಲೆ ತುಸು ತಗ್ಗಿಸಿ, ಉಸಿರು ಹಿಡಿಯಲು ಹೇಳಿ ಎಳೆದು, ಒತ್ತಿ, ಗಾಳಿಯಾಡದ ಪಟ್ಟಿ ಹಚ್ಚಬೇಕು. ಇದನ್ನು ಬಲ್ಲವರೂ ರಾತ್ರಿ ಮೂರಕ್ಕೆ ಮರೆಯುತ್ತಾರೆ.

ಐಸಿಯು ಸಿಸ್ಟರ್, ಕುಮಟಾ ಕಡೆ

ಇಷ್ಟು ಜನ ಬರೆಯುತ್ತೀರೆಂದು ನಿರೀಕ್ಷಿಸಿರಲಿಲ್ಲ. ಇಂದು ಬೆಳಗಿನ ರೌಂಡ್ಸ್ ಮುಗಿದ ಮೇಲೆ ಆ ಡಾಕ್ಟರಿಗೇ ಇದನ್ನು ಓದಲು ಕೊಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ರೋಗಿ ಹೇಳಿದ್ದನ್ನು ನಾನು ಕೇಳಬೇಕಿತ್ತು" ಎಂದರು. ಆಡಳಿತದವರು ಐಸಿಯುವಿಗೆ ಬೇರೆ ಯಂತ್ರದ ಅರ್ಜಿಗೆ ಇನ್ನೂ ಒಪ್ಪಿಲ್ಲ, ರಾತ್ರಿ ಸ್ಕ್ಯಾನಿಂಗ್ ಕೋಣೆಯ ಬೀಗದ ಕೈ ಯಾರ ಬಳಿ ಇರಬೇಕೆಂಬ ಚರ್ಚೆ ನಡೆದಿದೆ. ಸದ್ಯಕ್ಕೆ ನಾನು ನನ್ನ ಕೈಯಲ್ಲಾಗುವ ಎರಡು ಕೆಲಸ ಮಾಡಿದ್ದೇನೆ. ಸೆಂಟ್ರಲ್ ಲೈನ್ ಟ್ರಾಲಿಯ ಮೇಲಿನ ಡಬ್ಬಿಯಲ್ಲಿ ಎಕ್ಸ್‌ಟೆನ್ಷನ್ ಟ್ಯೂಬ್‌ಗಳನ್ನು ಸೇರಿಸಿದೆ. ನಮ್ಮ ಶಿಫ್ಟ್ ಚಾರ್ಟಿನಲ್ಲಿ ಮೂತ್ರದ ಲೆಕ್ಕದ ಪಕ್ಕ ಪೆನ್ನಿನಿಂದ ಒಂದು ಗೆರೆ ಎಳೆದು, "ಲೈನ್, ಚರ್ಮದ ಬಳಿ, ಸೆಂ.ಮೀ." ಎಂದು ಬರೆದೆ. ರಾತ್ರಿಯ ಹುಡುಗಿ ಏನೂ ಕೇಳದೆ ಅಲ್ಲಿ 13 ಎಂದು ತುಂಬಿದ್ದಾಳೆ.